ನಾಲ್ಕು ಊರಿನ ಕೀಲಿ ನನ್ನ ಕಿಸೆಯಲ್ಲಿ

ಒಂದೂರಲ್ಲಿ ಮೂರು ತಿಂಗಳು ನಿಂತರೆ ನನ್ನ ಅಂಗಾಲು ತುರಿಸಲು ಶುರುವಾಗುತ್ತದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟು ಲಾರಿ ಕ್ಲೀನರ್ ಆದೆ, ಕಬ್ಬಿನ ಗ್ಯಾಂಗಿನಲ್ಲಿ ಹೋದೆ, ಲೋಕಾಪುರದಲ್ಲಿ ಪಂಕ್ಚರ್ ತಿದ್ದಿದೆ, ಕೊನೆಗೆ ಫೋನಿನಲ್ಲಿ ಅಂಗಡಿಗಳ ಜಾಹೀರಾತು ಮಾಡುವ ಕೆಲಸಕ್ಕೆ ಬಿದ್ದೆ. ಅಂಗಡಿಯ ಫೋಟೋ ತೆಗೆಯುವುದು, ಮ್ಯಾಪಿನಲ್ಲಿ ಹಾಕುವುದು, ಪೇಜು ತೆರೆಯುವುದು. ತೆರೆಯುವಾಗ ಒಂದು ಮೊಬೈಲ್ ನಂಬರು ಕೊಡಬೇಕು; ಆ ನಂಬರು ಯಾರದೋ ಪೇಜಿನ ಕೀಲಿ ಅವರದೇ. ಮಾಲಕರು, “ನಿಂದ ಹಾಕಲೇ, ನಮಗ ಅದೆಲ್ಲಾ ಎಲ್ಲಿ ತಿಳೀತೈತಿ,” ಎನ್ನುತ್ತಿದ್ದರು. ನಾನು ನನ್ನದೇ ಹಾಕುತ್ತಿದ್ದೆ. ಹೀಗೆ ಮುಧೋಳ, ಬೀಳಗಿ, ಜಮಖಂಡಿ, ಬನಹಟ್ಟಿಯ ಅಂಗಡಿಗಳ ಕೀಲಿ ಒಂದೂರಲ್ಲೂ ನಿಲ್ಲದವನ ಕಿಸೆಗೆ ಬಂದು ಸೇರಿತು. ಆಮೇಲೆ ಏನೇನು ಆಗಬಾರದೋ ಅದೆಲ್ಲ ಆಗುತ್ತಲೇ ಬಂತು.

ಈಚೆಗೆ ಕಾರವಾರದಲ್ಲಿ ಮೀನಿನ ಗಾಡಿ ಓಡಿಸುವ ಕೆಲಸ ಸಿಕ್ಕಿತು. ಶನಿವಾರ ಹಾಜರಾಗದಿದ್ದರೆ ಬೇರೆಯವನನ್ನು ಹಾಕಿಕೊಳ್ಳುತ್ತೇನೆ ಅಂದಿದ್ದ ಗಾಡಿಯ ಮಾಲಕ. ಹೊರಡುವ ಮೊದಲು ಎಲ್ಲರ ಕೀಲಿ ಅವರವರಿಗೆ ಒಪ್ಪಿಸಬೇಕಿತ್ತು. ಇಲ್ಲವಾದರೆ ನನ್ನ ಸಿಮ್ ಬಂದ್ ಆದ ದಿನ ಅವರ ಪೇಜುಗಳೂ ಕೈತಪ್ಪುತ್ತವೆ. ಆ ವಾರ ಪೂರ್ತಿ ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದೆ.

ಬಸ್ಸಿನೊಳಗೆ ನಾಯಿ

ಮೊದಲ ಪಾಳಿ ಮುಧೋಳದ ನಾಯಿಮರಿ ಮಾರುವ ಗೌಡರದು. ಅವರ ತೋಟ ತಿಮ್ಮಾಪುರದ ದಾರಿಗೆ. ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದೆ, ಫೋನ್ ಬಂತು. ಪೇಜಿನಲ್ಲಿರುವ ನಂಬರು ನನ್ನದಲ್ಲವೇ, ಪುಣೆಯ ಗಿರಾಕಿಯೊಬ್ಬ ನನ್ನನ್ನೇ ಗೌಡ ಅಂದುಕೊಂಡಿದ್ದ.

“ಮರಿ ಖರೇನ ಐತೇನ್ರಿ? ಹಿಂದ ಒಬ್ಬಾಂವ ಬರೇ ಫೋಟೋ ತೋರಿಸಿ ಮೋಸ ಮಾಡ್ಯಾನ. ಎಲ್ಲಿ, ಒಮ್ಮಿ ಬೊಗಳಸ್ರಿ ಕೇಳೂಣು.”

“ಈಗ ಅದು ಮಲಗೈತ್ರಿ.”

“ಎಬ್ಬಸ್ರಿ. ಇಲ್ಲಾಂದ್ರ ನಾ ಬ್ಯಾರೆ ಕಡೆ ನೋಡ್ತೇನಿ.”

ಗೌಡರ ವ್ಯಾಪಾರ ನನ್ನ ಕೈಯಿಂದ ಹಾಳಾಗಬಾರದಲ್ಲ. ಕಣ್ಣು ಮುಚ್ಚಿ ಎರಡು ಸಲ ಬೊಗಳಿದೆ. ಬಸ್ಸಿನ ಮಂದಿಯೆಲ್ಲ ಕಾಲು ಮೇಲೆತ್ತಿಕೊಂಡರು. ಗಿರಾಕಿ ಖುಷಿಯಾಗಿ, “ತಿರುಗಿ ಫೋನ್ ಮಾಡ್ತೇನ್ರಿ,” ಎಂದು ಇಟ್ಟ. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿ, ಬಗ್ಗಿ ಬಗ್ಗಿ ಸೀಟುಗಳ ಕೆಳಗೆ ಹುಡುಕುತ್ತ ಬಂದ.

“ನಾಯಿ ಯಾರದು? ನಾಯಿಗೆ ಬ್ಯಾರೆ ಟಿಕೀಟು ತಗಸಬೇಕು!”

“ನಾಯಿ ಇಲ್ರೀ. ನಾನ ಬೊಗಳಿದ್ದು.”

ಆತ ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದ. “ನಿಂದು ಟಿಕೀಟು ಆಗೇತಲ್ಲ? ಹಂಗಾರ ಬೊಗಳು,” ಎಂದು ಸೀಟಿ ಊದಿದ.

ವೈರಿಯ ರೊಟ್ಟಿ

ಗೌಡರ ಪೇಜು ಅವತ್ತೇ ಗೌಡರ ನಂಬರಿಗೆ ಹೋಯಿತು. ಫೋನ್ ಮಾಡಿದ್ದ ಹಳೇ ಗಿರಾಕಿಗಳ ಹತ್ತಿರ ಮಾತ್ರ ನನ್ನ ನಂಬರೇ ಉಳಿಯಿತು. ಅದಿರಲಿ.

ಮರುದಿನ ಬೀಳಗಿ. ಅಲ್ಲಿ ಖಾನಾವಳಿ ನಡೆಸುವ ಹೆಣ್ಣುಮಗಳನ್ನು ನಾನು ಚಿಗವ್ವ ಅನ್ನುತ್ತೇನೆ. ಹೋದ ಕೂಡಲೇ, “ಕೀಲಿ ಆಮ್ಯಾಲ ಕೊಡು. ಮೊದಲ ನನ್ನ ವೈರೀದು ನೋಡು,” ಅಂದಳು.

ಮ್ಯಾಪಿನಲ್ಲಿ ಆಕೆಯ ಖಾನಾವಳಿಯ ಪಕ್ಕದಲ್ಲೇ ಇನ್ನೊಂದು ಖಾನಾವಳಿ ಕಾಣುತ್ತಿತ್ತು.

“ನಿನ್ನ ಬಾಜೂಕ ದರ್ಜಿ ಅಂಗಡಿ ಐತಲ್ಲ ಚಿಗವ್ವ?”

“ಅದಕ್ಕ ಹೇಳಿದ್ದು, ಕದ್ದು ನಡಸಾಕತ್ತಾಳ!”

ಎರಡು ತಿಂಗಳಿಂದ ಉಣ್ಣಲು ಬಂದವರಿಗೆಲ್ಲ ಆಕೆಯದು ಒಂದೇ ಅಪ್ಪಣೆ: ಕೈ ತೊಳೆದ ಮೇಲೆ ಫೋನ್ ತೆಗೆದು ಆ ಇನ್ನೊಂದು ಖಾನಾವಳಿಗೆ ಐದರಲ್ಲಿ ಒಂದೇ ಚುಕ್ಕಿ ಕೊಟ್ಟು, ಬೈದು ಬರೆದು ಹೋಗಬೇಕು. ಉಂಡವರು ಋಣ ತೀರಿಸಿದ್ದರು. ‘ಪಲ್ಯದಾಗ ಉಪ್ಪಿಲ್ಲ.’ ‘ಇದು ರೊಟ್ಟಿ ಅಲ್ಲ, ಮನಿ ಮ್ಯಾಲಿನ ಹಂಚು.’

ಅದರ ಫೋಟೋ ತೆರೆದೆ. ರೊಟ್ಟಿ ಬಡಿಯುವ ಎರಡು ಕೈ, ಹಸಿರು ಬಳೆ, ಬಲಗೈಯಲ್ಲಿ ಸುಟ್ಟ ಕಲೆ. ನನ್ನೆದುರು ಸೌಟು ಹಿಡಿದು ನಿಂತ ಕೈಯಲ್ಲೂ ಅದೇ ಬಳೆ, ಅದೇ ಕಲೆ.

“ಚಿಗವ್ವ, ಈ ಕೈ ಯಾರದು?”

ನನಗಿಂತ ಮೊದಲು ಒಬ್ಬ ಫೋಟೋ ಸ್ಟುಡಿಯೋದವನು ಆಕೆಗೆ ಪೇಜು ಮಾಡಿಕೊಟ್ಟಿದ್ದ. ಅವನೂ ತನ್ನದೇ ನಂಬರು ಹಾಕಿ, ಗೋವಾಕ್ಕೆ ಹೋಗಿಬಿಟ್ಟಿದ್ದ. ಚಿಗವ್ವ ಎರಡು ತಿಂಗಳು ತನ್ನ ಖಾನಾವಳಿಗೇ ಕಲ್ಲು ಹೊಡೆಸಿದ್ದಳು.

ಆಕೆ ಸೌಟು ಕೆಳಗಿಟ್ಟು ಫೋಟೋ ಮತ್ತೊಮ್ಮೆ ನೋಡಿದಳು. ಆಮೇಲೆ ಕೇಳಿದಳು, “ನನ್ನ ರೊಟ್ಟಿಗೆ ಹಂಚು ಅಂದಾಂವ ಯಾವ?”

ಹೆಸರು ಓದಿದೆ. ಆತ ಅಲ್ಲೇ ಮೂಲೆಯಲ್ಲಿ ಕೂತು ಐದನೇ ರೊಟ್ಟಿ ಮುರಿಯುತ್ತಿದ್ದ. “ನೀವ ಬರಿ ಅಂದ್ರಲ್ರೀ!” ಅಂದ.

“ಬರಿ ಅಂದಿದ್ದು ಖರೆ,” ಎಂದು ಚಿಗವ್ವ ಅವನ ತಾಟು ಎತ್ತಿಕೊಂಡಳು. “ಇಷ್ಟು ಮನಸ್ಸಿಟ್ಟು ಬರಿ ಅಂದಿದ್ನೇನು?”

ಕಾಯಂ ಬಂದ್

ಚಿಗವ್ವನ ಕೀಲಿ ಒಪ್ಪಿಸಿ ಜಮಖಂಡಿಗೆ ಹೋದೆ. ಅಲ್ಲಿ ಭಾಂಡೆ ಅಂಗಡಿಯ ಕಾಕಾ. ಕೊಪ್ಪರಿಗೆ, ತಪ್ಪಲೆ, ಪರಾತ ಮಾರುವವರು. ಅವರು ನನ್ನ ಕೈಗೆ ಬರುವ ಮೊದಲು ದೊಡ್ಡ ಊರಿನ ಕಂಪನಿಯೊಂದಕ್ಕೆ ಜಾಹೀರಾತು ವಹಿಸಿ, ಆಮೇಲೆ ಬಿಡಿಸಿದ್ದರು. ಮ್ಯಾಪಿನ ಕೀಲಿ ಮಾತ್ರ ಆ ಕಂಪನಿಯಲ್ಲೇ ಉಳಿದಿತ್ತು. ಕಂಪನಿಯವರು ಸಿಟ್ಟಿಗೆ ‘ಈ ಅಂಗಡಿ ಕಾಯಂ ಬಂದ್ ಆಗಿದೆ’ ಎಂದು ಹಾಕಿಬಿಟ್ಟರು.

ನಾನು ಹೋದಾಗ ಅಂಗಡಿಯ ಮುಂದೆ ಒಂದು ಟೆಂಪೋ ನಿಂತಿತ್ತು. ಲೋಕಾಪುರದ ಬೀಗರು, ಹೆಂಗಸರು, ಸೆರಗು ಬಾಯಿಗೆ. ಕಾಕಾ ಸ್ಟೂಲಿನ ಮೇಲೆ ಕೂತು ಬಶಿಯಲ್ಲಿ ಚಹಾ ಊದುತ್ತಿದ್ದರು.

“ಏನ್ ಮಾಡೂದ್ರಿ,” ಅಂದ ದೊಡ್ಡ ಬೀಗ. “ಮಗಳ ಮದಿವಿ ದಿನಾನೂ ಅಂಗಡಿ ಮುಚ್ಚದಾವ್ರು ನೀವು. ಕಾಯಂ ಬಂದ್ ಅಂತ ಕಂಡ ಮ್ಯಾಲ ನಾವು ಏನ್ ತಿಳ್ಕೋಬೇಕು?”

“ಇಲ್ಲೇ ಕುಂತೇನಲ್ಲೋ ಮಾರಾಯಾ!”

“ಅದು ಈಗ ಕಾಣಾಕತ್ತೈತ್ರಿ.”

ನಾನು ಮುಂದೆ ಹೋಗಿ, ಅಂಗಡಿ ನಿಮ್ಮದೆಂದು ಕಾಗದ ತೋರಿಸಿದರೆ ಕೀಲಿ ನಿಮ್ಮ ಕೈಗೆ ಬರುತ್ತದೆ, ಈಗಲೇ ಬರೆಯೋಣ ಎಂದು ಫೋನ್ ತೆಗೆದೆ. ಕಾಕಾ ನನ್ನ ಕೈ ಹಿಡಿದು ಕಿವಿಯ ಹತ್ತಿರ ಬಂದರು.

“ಈ ವಾರ ಗಣಪತಿ ಪಟ್ಟಿ ರೊಕ್ಕ ಕೇಳಾಕ ಬರ್ತಾರ. ಅದೊಂದು ದಾಟಲಿ. ಅಲ್ಲೀತನಾ ಸತ್ತ ಇರ್ತೇನಿ.”

ದೀಪ ಹಚ್ಚಿದ ಮೇಲೆ

ಕಾಕಾರ ಪೇಜು ಅವರಿಗೇ ಒಪ್ಪಿಸಿ, ಮ್ಯಾಪಿನ ಕೀಲಿ ಬಿಡಿಸಿಕೊಳ್ಳುವ ರೀತಿಯನ್ನು ಚೀಟಿಯಲ್ಲಿ ಬರೆದುಕೊಟ್ಟು ಶುಕ್ರವಾರ ಸಂಜೆ ಬನಹಟ್ಟಿ ಮುಟ್ಟಿದೆ. ಉಳಿದದ್ದು ಸೀರೆ ನೇಯ್ದು ಮಾರುವ ಅಕ್ಕನ ಪೇಜು ಒಂದೇ. ಸೊಲ್ಲಾಪುರದಿಂದ ಹುಬ್ಬಳ್ಳಿಯವರೆಗೆ ಎರಡು ವರ್ಷದ ಗಿರಾಕಿಗಳು ಅದರಲ್ಲಿದ್ದರು. ಆಕೆಯ ಮನೆಯ ಮಗ್ಗ ಆಡುತ್ತಿದ್ದುದೇ ಅದರಿಂದ. ಕಾರವಾರದ ನನ್ನ ಬಸ್ಸು ಏಳೂವರೆಗೆ, ಟಿಕೀಟು ಫೋನಿನಲ್ಲಿ.

ಹೊಸ್ತಿಲ ಹೊರಗೇ ನಿಂತು ನನ್ನ ಫೋನಿನಲ್ಲಿ ಪೇಜು ತೆರೆದು, ನನ್ನ ನಂಬರಿನ ಜಾಗದಲ್ಲಿ ಆಕೆಯ ನಂಬರು ಹೊಡೆದೆ. ಒಳಗೆ ದೇವರ ಜಗಲಿಯ ಮುಂದೆ ಕೂತಿದ್ದ ಅಕ್ಕನ ಫೋನು ಟಿಣ್ ಅಂತು.

“ಅಕ್ಕಾರ, ಈಗ ಬಂದ ಆರು ಅಂಕಿ ಹೇಳ್ರಿ, ಲಗೂನ.”

“ಹೇಳಂಗಿಲ್ಲ.”

“ಯಾಕ್ರೀ?”

“ನೀನ ಹೇಳೀದಿ. ಬಂದ ಅಂಕಿ ಯಾರಿಗೂ ಕೊಡಬ್ಯಾಡ್ರಿ, ನಾ ಕೇಳಿದ್ರೂ ಕೊಡಬ್ಯಾಡ್ರಿ ಅಂತ. ಅದರ ಮ್ಯಾಲ ಶುಕ್ರವಾರ. ದೀಪ ಹಚ್ಚಿದ ಮ್ಯಾಲ ಮನಿ ಲಕ್ಷ್ಮೀನ ಹೊರಗ ಕೊಡಂಗಿಲ್ಲ. ಹಾಲು ಕೊಡಂಗಿಲ್ಲ, ಉಪ್ಪು ಕೊಡಂಗಿಲ್ಲ, ಅಂಗಡಿ ಕೀಲಿ ಕೊಡ್ತೇನೇನು? ಮುಂಜಾನಿ ಬಾ.”

“ಮುಂಜಾನಿತನಾ ಆ ಅಂಕಿ ಬದುಕಂಗಿಲ್ರಿ, ಹತ್ತು ಮಿನಿಟಿಗೆ ಸಾಯ್ತೈತಿ!”

“ಸಾಯ್ಲಿ. ಮತ್ತೊಂದು ಬರ್ತೈತಿ.”

ಸತ್ತಿತು. ಮತ್ತೊಂದು ಕಳಿಸಿದೆ, ಅದೂ ಸತ್ತಿತು. ನಾನು ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ. ಏಳಾಯಿತು. ಕಡೆಗೆ ಅಕ್ಕನಿಗೇ ದಾರಿ ಹೊಳೆಯಿತು.

“ಹೊರಗ ಕೊಡಬಾರದು ಅಷ್ಟ. ಒಳಗ ಬಂದ್ರ ಏನೂ ದೋಷ ಇಲ್ಲ. ನಿನ್ನ ಫೋನ ಇಲ್ಲಿ ಕೊಡು.”

ಹೊಸ್ತಿಲ ಮೇಲಿಂದ ಫೋನ್ ಚಾಚಿದೆ. ಅಕ್ಕ ಮೂಗಿಗೆ ಚಾಳೀಸು ಏರಿಸಿ, ದೇವರ ಮುಂದೆ ಕೂತು, ಮೂರನೇ ಸಲ ಬಂದ ಅಂಕಿಗಳನ್ನು ಒಂದೊಂದಾಗಿ ಒತ್ತಿದಳು.

“ಆತು! ನನ್ನ ನಂಬರ್ ಬಂತು. ನಿಂದು ತಗದ ಹಾಕೀನಿ.”

“ಭೇಷ್ ಅಕ್ಕಾರ! ಇನ್ನ ಫೋನ್ ಕೊಡ್ರಿ, ಬಸ್ಸಿಗೆ ಹೊತ್ತಾತು.”

ಅಕ್ಕ ಫೋನು ನೋಡಿದಳು, ದೀಪ ನೋಡಿದಳು. ಆಮೇಲೆ ಮೆಲ್ಲಗೆ, “ದೀಪದ ಮುಂದ ಇಟ್ಟು ಕುಂಕುಮ ಹಚ್ಚೇನಲ್ಲೋ ತಮ್ಮಾ. ಒಳಗ ಬಂದದ್ದನ್ನ ಹೊರಗ ಹೆಂಗ ಕೊಡ್ಲಿ?”

“ಅದರಾಗ ನನ್ನ ಟಿಕೀಟು ಐತ್ರೀ! ನನ್ನ ನೌಕರಿ ಐತ್ರೀ!”

“ಎರಡು ವರ್ಷ ನನ್ನ ಅಂಗಡಿ ನಿನ್ನ ಕಿಸೇದಾಗ ಇತ್ತು. ನಾ ಒಂದಿನ ಪಿಟ್ ಅಂದ್ನೇನು? ಒಂದ್ ರಾತ್ರಿ ನಿನ್ನ ಫೋನ್ ನನ್ನ ಮನ್ಯಾಗ ಇರ್ಲಿ. ಕೈಕಾಲು ತೊಳಕೋ, ಉಣ್ಣಾಕ ನೀಡ್ತೇನಿ.”

ದೊಡ್ಡ ರಸ್ತೆಯಲ್ಲಿ ನನ್ನ ಬಸ್ಸು ಹಾರ್ನ್ ಹೊಡೆದು ಹೋಯಿತು. ಅಂಗಾಲು ತುರಿಸಿದ್ದೇ ತುರಿಸಿದ್ದು. ಅಷ್ಟರಲ್ಲಿ ಒಳಗೆ ನನ್ನ ಫೋನು ರಿಂಗಾಯಿತು. ಅಕ್ಕ ಎತ್ತಿ, “ಹಾಂ… ಹಾಂ… ತಡೀರಿ,” ಎಂದು ನನ್ನ ಕಡೆ ಕೂಗಿದಳು.

“ತಮ್ಮಾ, ಪುಣೇದಿಂದ ಯಾರೋ. ನಾಯಿ ಇನ್ನೂ ಐತೇನು, ಇನ್ನೊಮ್ಮಿ ಬೊಗಳಸ್ರಿ ಅನ್ನಾಕತ್ತಾರ.”

ಗೌಡರ ವ್ಯಾಪಾರ. ಹೊಸ್ತಿಲ ಹೊರಗೆ ನಿಂತು ಎರಡು ಸಲ ಬೊಗಳಿದೆ.

ಅಕ್ಕ ಫೋನಿಗೆ ಹೇಳಿದಳು, “ಕೇಳಿಸ್ತೇನ್ರೀ? ಐತಿ, ಇಲ್ಲೇ ಬಾಗಲ್ದಾಗ ಐತಿ. ಮುಂಜಾನಿತನಾ ಎಲ್ಲೂ ಹೋಗಂಗಿಲ್ಲ.”