ಗಾಡಿ ಹೊಂಟೈತ್ರಿ

ನಾ ಸೊಲ್ಲಾಪುರದಾಗ ಮೊಬೈಲ್ ಆ್ಯಪ್ ಮಾಡ್ತೀನಿ. ಆ್ಯಪ್ ಮಾಡೂದು ಸಸಾರ ಐತ್ರಿ. ಅದು ಒಳಗ ಏನ್ ಮಾಡಾಕತ್ತೈತಿ ಅಂತ ಹೊರಗಿನ ಮಂದಿಗೆ ತಿಳಿಸೂದೇ ತಲಿನೋವು. ಒಬ್ಬ ಟಾವೆಲ್ ಅಂಗಡಿ ಶೇಠರ ಕೈಗೆ ಸಿಕ್ಕ ಮ್ಯಾಲಂತೂ ದಿನಾ ಒಂದಿಲ್ಲೊಂದು ಫಜೀತಿ.

೧. ತಿರುಗೋ ಚಕ್ರ

ಆರ್ಡರ್ ಬಟನ್ ಒತ್ತಿದ್ರ ಪಡದೆ ಮ್ಯಾಲ ಸಣ್ಣ ಚಕ್ರ ತಿರುಗೂಹಂಗ ಮಾಡಿದ್ದೆ. ಶೇಠರು ಚಷ್ಮಾ ಏರಿಸಿ ನೋಡಿದ್ರು.

"ಇದ್ಯಾಕೋ ಹಿಂಗ ಗಿರಗಿರ ತಿರುಗತೈತಿ?"

"ಲೋಡ್ ಆಗಾಕತ್ತೈತ್ರಿ ಶೇಠಜಿ. ಸ್ವಲ್ಪ ತಡೀರಿ ಅಂತ ಅರ್ಥ."

"ಅಂಗಡಿಗೆ ಗಿರಾಕಿ ಬಂದ್ರ ನಾ ಎದ್ದು ಗಿರಗಿರ ತಿರುಗತೀನೇನು? 'ಬರ್ರಿ, ಕೂಡ್ರಿ, ಚಾ ತರಸ್ತೀನಿ' ಅಂತೀನಿ. ಅದನ್ನ ಹಾಕು."

ಚಕ್ರ ತಗದು ಅದನ್ನೇ ಹಾಕಿದೆ. ಮರುದಿನ ಒಬ್ಬ ಅಜ್ಜ ಫೋನ್ ಮಾಡಿ ಒದರಾಡಿದ: "ಏನ್ರಿಪಾ, ಅರ್ಧಾ ತಾಸಿನಿಂದ ಮೊಬೈಲ್ ಹಿಡಕೊಂಡು ಕುಂತೀನಿ. ಟಾವೆಲ್ ಹಾಳಾಗಿ ಹೋಗ್ಲಿ, ಚಾ ಎಲ್ಲೈತಿ?"

೨. ಬೋಣಿ ಹೊತ್ತು

ಮಾಲು ಇಲ್ಲದಿದ್ರ "ಈಗ ಇಲ್ಲ" ಅಂತ ಬರೂಹಂಗ ಮಾಡಿದೆ. ಶೇಠರು ಎರಡೂ ಕಿವಿ ಮುಚ್ಚಿಕೊಂಡ್ರು.

"ಮುಂಜಾನೆ ಬೋಣಿ ಹೊತ್ತಿನ್ಯಾಗ ಗಿರಾಕಿಗೆ ಇಲ್ಲ ಅಂತಾರೇನೋ? ನಮ್ಮಪ್ಪ ಎಂದೂ ಅಂದಿಲ್ಲ, ನಾನೂ ಅಂದಿಲ್ಲ."

"ಮತ್ತ ಏನಂತೀರ್ರಿ?"

"ಗಾಡಿ ಹೊಂಟೈತ್ರಿ ಅಂತೀನಿ."

"ಸುಳ್ಳಾಗ್ತೈತಲ್ರಿ."

"ಸುಳ್ಳಲ್ಲೋ, ಅದು ಧೈರ್ಯ ಹೇಳೂದು!"

ಅವತ್ತಿನಿಂದ ಯಾರು ಬಟನ್ ಒತ್ತಿದ್ರೂ ಟಣ್ ಅಂತ ಬರೂದು: "ಗಾಡಿ ಹೊಂಟೈತ್ರಿ." ಟಾವೆಲ್ಲಿನ ನೂಲು ಇನ್ನೂ ಮಗ್ಗಕ್ಕ ಏರಿರ್ತಿರಲಿಲ್ಲ.

೩. ಅಕ್ಕಲಕೋಟದ ಮದುವಿ

ಅಕ್ಕಲಕೋಟದವರೊಬ್ಬರು ಮಗಳ ಮದುವಿಗೆ ಎರಡನೂರು ಟಾವೆಲ್-ಟೊಪ್ಪಿಗಿ ಹೇಳಿದ್ರು. ನಮ್ಮ ಕಡೆ ಊಟಕ್ಕ ಹೆಚ್ಚುಕಡಿಮಿ ಆದ್ರೂ ನಡೀತೈತಿ. ಬೀಗರಿಗೆ ಟಾವೆಲ್ ಹೊಚ್ಚಿ ಟೊಪ್ಪಿಗಿ ಇಡಲಿಲ್ಲಂದ್ರ ಮಾನ ಮಾಡಲಿಲ್ಲ ಅಂತ ಹಂದರದಾಗಿಂದ ಎದ್ದು ಹೋಗ್ತಾರ. ನಾಕು ದಿನ ಆತು, ಅವರ ಮೊಬೈಲ್ "ಗಾಡಿ ಹೊಂಟೈತ್ರಿ" ಬಿಟ್ಟು ಬ್ಯಾರೆ ಮಾತಾಡಲಿಲ್ಲ. ನಾಳೆ ಮದುವಿ ಅನ್ನಾಗ ಶೇಠರಿಗೆ ಅವರ ಫೋನ್ ಬಂತು. "ಮಾಲು ಎಲ್ಲೈತ್ರಿ?" ಅಂತ ಗಾಬರಿಯಿಂದ ಕೇಳಿದ್ರು.

ಶೇಠರು ಇನ್ನೊಂದು ಮೊಬೈಲ್ ತಗೊಂಡು ನಮ್ಮ ಆ್ಯಪ್ ತಗದ್ರು. "ಗಾಬರಿ ಆಗಬ್ಯಾಡ್ರಿ! ಇಲ್ಲೇ ಬರದೈತಿ ನೋಡ್ರಿ, ಗಾಡಿ ಹೊಂಟೈತಿ. ನಾ ಖುದ್ದ ಕಣ್ಣಾರೆ ನೋಡಾಕತ್ತೀನಿ!"

ತಾವೇ ಹಾಕಿಸಿದ ಮಾತು ತಾವೇ ನಂಬಿದ್ರು. ಸಮಾಧಾನದಿಂದ ಹಿಂದಿನ ಮಾಲಿನ ಗಂಟಿಗೆ ಒರಗಿದ್ರು. ಗಂಟಿನ ಮ್ಯಾಲ ದೊಡ್ಡ ಅಕ್ಷರದಾಗ "ಅಕ್ಕಲಕೋಟ" ಅಂತ ಬರದಿತ್ತು.

"ಶೇಠಜಿ, ನಿಮ್ಮ ಬೆನ್ನ ಹಿಂದ..."

"ಸುಮ್ನಿರೋ, ಗಿರಾಕಿ ಮಾತಾಡಾಕತ್ತಾರ."

"ದಾರಿಗುಂಟ ಎಲ್ಲಾ ಗಾಡಿ ನೋಡಕೋತ ಬಂದೀನ್ರಿ, ನಿಮ್ಮ ಗಾಡಿ ಎಲ್ಲೂ ಸಿಗಲಿಲ್ಲ." ಆ ಮಾತು ಫೋನಿನಿಂದ್ಲೂ ಬಂತು, ಬಾಗಿಲದಿಂದ್ಲೂ ಬಂತು. ಅಕ್ಕಲಕೋಟದವರು ಸ್ವಂತ ಟೆಂಪೋ ತಗೊಂಡು ಬಂದು ಅಂಗಡಿ ಮುಂದೇ ನಿಂತಿದ್ರು.

ಗಂಟು ನೋಡಿದ ಕೂಡ್ಲೇ ಸಿಟ್ಟಿನ್ಯಾಗ ಅವರ ನಾಲಿಗಿ ಮರಾಠಿಗೆ ಹೊರಳಿತು: "ಹೇ ಕಾಯ್, ಶೇಠಜಿ?" ಇದೇನಿದು ಅಂತ ಕೇಳಿದವ್ರೇ ಗಂಟು ಜಗ್ಗಿದ್ರು. ಶೇಠರು ಗಾದಿ ಮ್ಯಾಲ ಅಂಗಾತ ಬಿದ್ರು.

"ಗಾಡಿ ಹೊಂಟಿಲ್ಲ ಅಂದಿದ್ರ ಮೊನ್ನೇನೇ ಬಂದು ಒಯ್ತಿದ್ನಲ್ರಿ! ನಾಕು ದಿನ ಕಣ್ಣಿಗೆ ನಿದ್ದಿ ಇಲ್ಲ." ಮಾತಾಡ್ತಾ ಅವರ ಕಣ್ಣಾಗ ನೀರು ಬಂತು. ನನಗ ಭಾಳ ನಾಚಿಕಿ ಆತು. ಶೇಠರು ಬಿದ್ದಲ್ಲಿಂದ್ಲೇ ಕೈ ಮುಗದ್ರು.

ಗಂಟು ಟೆಂಪೋಕ್ಕ ಏರಿಸಿ ಕೊಟ್ಟೆ. ಅವರು ಹೊಂಟ ಮ್ಯಾಲ ಯಾರನ್ನೂ ಕೇಳದೇ ಆ್ಯಪ್ ತಿದ್ದಿ, ಅವತ್ತಿನ ಮೊದಲನೇ ಖರೇ ಸುದ್ದಿ ಕಳಿಸಿದೆ: "ನಿಮ್ಮ ಮಾಲು ಗಾಡ್ಯಾಗ ಐತಿ."

ಅರ್ಧಾ ತಾಸಿಗೆ ದಾರ್ಯಾಗಿನ ವಳಸಂಗದಿಂದ ಅವರ ಫೋನ್ ಬಂತು.

"ತಮ್ಮಾ, ಮಾಲು ಗಾಡ್ಯಾಗ ಐತಿ ಅಂತ ನಿನ್ನ ಆ್ಯಪ್ ಹೇಳಾಕತ್ತೈತಿ. ಎದಿ ಧಸಕ್ ಅಂತು ನೋಡಪಾ! ಗಾಡಿ ನಿಲ್ಲಿಸಿ, ಹಿಂದ ಹತ್ತಿ, ಎರಡನೂರೂ ಎಣಿಸಿದೆ."