ಹಂದಿ ಗೀರಿದ ಕೋವಿ

ಕೋವಿ ಇರುವ ಮನೆಯ ಯಜಮಾನ ಧೈರ್ಯವಂತನೇ ಆಗಿರಬೇಕೆಂಬ ನಿಯಮ ನಮ್ಮ ಕಳಸದ ಕಡೆ ಇಲ್ಲ. ಅದಕ್ಕೆ ನಾನೇ ಸಾಕ್ಷಿ. ಅಜ್ಜನಿಂದ ಬಂದ ಜೋಡುನಳಿಗೆ ಕೋವಿಯನ್ನು ನಾನು ಹಾರಿಸಿದ್ದು ಒಂದೇ ಸಲ, ತೋಟಕ್ಕೆ ನುಗ್ಗಿದ ಮಂಗಗಳನ್ನು ಬೆದರಿಸಲು, ಆಕಾಶಕ್ಕೆ. ಮಂಗಗಳು ಕೂತಲ್ಲೇ ಕೂತಿದ್ದವು. ನಾನು ಕಾಫಿ ಕಣದಲ್ಲಿ ಅಂಗಾತ ಬಿದ್ದಿದ್ದೆ. ಆಮೇಲೆ ಕೋವಿಗೆ ಆಯುಧಪೂಜೆಯ ದಿನ ಕುಂಕುಮ, ಚುನಾವಣೆ ಬಂದಾಗಲೆಲ್ಲ ಠಾಣೆಯ ವಾಸ. ಪಂಚಾಯಿತಿಯಿಂದ ಪಾರ್ಲಿಮೆಂಟಿನವರೆಗೆ ಯಾವ ಚುನಾವಣೆಯಾದರೂ ಲೈಸೆನ್ಸಿನ ಕೋವಿಗಳನ್ನು ಪೊಲೀಸರಿಗೆ ಒಪ್ಪಿಸಬೇಕಲ್ಲ. ಗೋಣಿಯಲ್ಲಿ ಸುತ್ತಿ ಜೀಪಿನಲ್ಲಿ ಒಯ್ಯುವುದು, ಮುಗಿದ ಮೇಲೆ ತರುವುದು.

"ಬಸುರಿ ಹೆಣ್ಣನ್ನ ತವರಿಗೆ ಬಿಟ್ಟು ಕರ್ಕೊಂಡು ಬಂದ ಹಾಗಾಯ್ತು. ಮಾರಿಬಿಡಿ ಅತ್ಲಾಗೆ," ಎಂದಳು ನನ್ನ ಹೆಂಡತಿ ವನಜಾ.

ನನಗೆ ಸಂಕಟವಾಯಿತು. ಅಜ್ಜ ಬಿಟ್ಟುಹೋದದ್ದರಲ್ಲಿ ಅವರ ಕೈ ತಾಗಿ ಸವೆದ ವಸ್ತು ಅದೊಂದೇ. ಮೇಲೆ ಬಿದ್ದ ಕಾಡುಹಂದಿಗೆ ಕೋವಿಯನ್ನೇ ಅಡ್ಡ ಹಿಡಿದು ಬದುಕಿದ ಕಥೆಯನ್ನು ಅಜ್ಜ ಹೇಳುತ್ತಿದ್ದರು. ಅದಕ್ಕೆ ಸರಿಯಾಗಿ ಮರದ ಹಿಡಿಯ ಮೇಲೊಂದು ಉದ್ದನೆಯ ಗೀರು. ಅದು ಕೋರೆಯದೇ ಗುರುತು. ಚಿಕ್ಕಂದಿನಲ್ಲಿ ಹೇಗೆ ಕಣ್ಣಿಗೆ ಬೀಳಲಿಲ್ಲವೋ, ಈಚೆಗೆ ಕಂಡ ಮೇಲೆ ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದೆ.

ಆದರೂ ವನಜಾಳ ಒತ್ತಾಯಕ್ಕೆ ಮಾರಲು ಒಪ್ಪಿದೆ. ಹಳೆಯ ಕೋವಿಗಳ ಹುಚ್ಚಿದ್ದ ವಸ್ತಾರೆಯ ಪ್ಲಾಂಟರ್ ಒಬ್ಬರು ನೋಡಲು ಬಂದರು. ಗೀರಿನ ಮೇಲೆ ಬೆರಳಾಡಿಸುತ್ತಾ ಹಂದಿಯ ಕಥೆ ಹೇಳಿದೆ. "ಕಣ್ಣು ಮುಚ್ಚಿ ಮುಟ್ಟಿದ್ರೂ ಇದು ನಮ್ಮಜ್ಜನ ಕೋವಿ ಅಂತ ಹೇಳ್ತೀನಿ ಸಾರ್," ಎಂದೆ. ಅವರು ಕನ್ನಡಕ ಏರಿಸಿ, ನಳಿಗೆಯ ಮೇಲಿನ ನಂಬರನ್ನೂ ನನ್ನ ಲೈಸೆನ್ಸನ್ನೂ ಎರಡೆರಡು ಸಲ ನೋಡಿದರು.

"ಮಾರಾಯ್ರೆ, ಇದು ನಿಮ್ಮ ಕೋವಿನೇ ಅಲ್ವಲ್ಲ!"

ಹಿಂದಿನ ಚುನಾವಣೆ ಮುಗಿದಾಗ, ಊರಿಗೆ ಹೋಗುವ ಕೊನೆಯ ಬಾಡಿಗೆ ಜೀಪು ತಪ್ಪೀತೆಂದು ಗೋಣಿ ಬಿಚ್ಚಿಯೂ ನೋಡದೆ ಸಹಿ ಹಾಕಿ ಬಂದವನು ನಾನೇ. ವಿಚಾರಿಸಿದರೆ, ನನ್ನದು ಸಂಸೆಯ ಧರ್ಮಪ್ಪನವರ ಮನೆ ಸೇರಿತ್ತು. ಅವರೂ ಅದಕ್ಕೆ ಭಕ್ತಿಯಿಂದ ಕುಂಕುಮ ಹಚ್ಚಿದ್ದರು. ಇಬ್ಬರೂ ಠಾಣೆಗೆ ಹೋಗಿ, ಬೈಸಿಕೊಂಡು, ಬದಲಾಯಿಸಿಕೊಂಡೆವು. ಹೊರಗೆ ಬಂದ ಮೇಲೆ ತಡೆಯಲಾರದೆ ಗೀರಿನ ವಿಷಯ ಕೇಳಿದೆ.

"ಅದಾ? ನಮ್ಮಮ್ಮ ಕೋವಿನ ಕೊಟ್ಟಿಗೆ ಬಾಗ್ಲಿಗೆ ಅಡ್ಡ ಇಡ್ತಿದ್ರು. ಎಮ್ಮೆ ಕೊಂಬು ತಾಗಿದ್ದು," ಎಂದರು ಧರ್ಮಪ್ಪನವರು.

ಮನೆಗೆ ಬಂದು ಗೋಣಿ ಬಿಚ್ಚಿದೆ. ಅಜ್ಜನ ಕೋವಿಯಲ್ಲಿ ಗೀರಿರಲಿಲ್ಲ. ಹಿಡಿಯ ಕುತ್ತಿಗೆಗೆ ತಾಮ್ರದ ತಂತಿ ಸುತ್ತಿತ್ತು. ಮರ ಬಿರುಕು ಬಿಟ್ಟಾಗ ಅಜ್ಜ ಸುತ್ತಿದ್ದು, ತಂತಿಯ ತುದಿ ಹಿಡಿದು ಎದುರು ಕೂತಿದ್ದವನು ನಾನು. ಅದನ್ನೇ ಮರೆತಿದ್ದೆನಲ್ಲ ಎಂದು ನಾಚಿಕೆಯಾಯಿತು, ಅಳುವೂ ಬಂತು. ಮಾರುವುದಿಲ್ಲವೆಂದು ವಸ್ತಾರೆಗೆ ಫೋನ್ ಮಾಡಿದೆ. ವನಜಾ ಕೋವಿ ಒರೆಸಲು ಎಣ್ಣೆಬಟ್ಟೆ ತಂದು ಕೊಟ್ಟಳು.

ಮುಂದಿನ ಚುನಾವಣೆಯೊಳಗೆ ಹಿಡಿಯ ಮೇಲೊಂದು ಗೀರು ಹಾಕಿಸಬೇಕೆಂದಿದ್ದೇನೆ. ಠಾಣೆಯಲ್ಲಿ ಗುರುತು ಸಿಗಲಿ ಅಂತ, ಎಂದು ವನಜಾಳಿಗೆ ಹೇಳಿದ್ದೇನೆ. ಹಂದಿಯ ಕಥೆ ಕೇಳಿಹೋದ ನೆಂಟರು ದೀಪಾವಳಿಗೆ ಮತ್ತೆ ಬರುತ್ತಾರೆ, ಅದನ್ನು ಹೇಳಿಲ್ಲ.