ಪೀಣ್ಯದ ಸರ್ವರ್ ರೂಮಿನ ಜಟಾಪಟಿಗಳು

ಕಂಪ್ಯೂಟರ್ ಕೆಟ್ಟರೆ ರಿಪೇರಿ ಮಾಡಬಹುದು, ಅದರ ಮುಂದೆ ಕೂತವರದ್ದೇ ಕಷ್ಟ. ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯೊಂದರಲ್ಲಿ ನಾನು ಬಹಳ ವರ್ಷ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಅಲ್ಲಿನ ಕಂಪ್ಯೂಟರುಗಳೆಲ್ಲ ನನ್ನ ಜವಾಬ್ದಾರಿ. ವಾರಕ್ಕೊಂದಾದರೂ ಜಗಳ ನನ್ನನ್ನು ಹುಡುಕಿಕೊಂಡು ಬರುತ್ತಿತ್ತು. ಬಂದ ಜಗಳವನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುವುದು ನಮ್ಮ ಮನೆಯಲ್ಲಿ ಕಲಿಸಿಲ್ಲ. ಒಳಗೆ ಕರೆದು, ಕೂರಿಸಿ, ಮಾತಾಡಿಯೇ ಕಳಿಸುತ್ತಿದ್ದೆ.

ಸ್ಕ್ರೂ

ನನ್ನ ಇಂಟರ್‌ವ್ಯೂ ಮಾಡಿದವರು ಪ್ಲಾಂಟ್ ಹೆಡ್. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಅವರು ‘ಸಾಹೇಬರು’. ನನ್ನ ಸರ್ಟಿಫಿಕೇಟುಗಳನ್ನು ತಿರುವಿ ಹಾಕಿ, ಕನ್ನಡಕದ ಮೇಲಿಂದ ನೋಡಿದರು.

"ಇದು ವೈಟ್‌ಫೀಲ್ಡ್ ಐಟಿ ಪಾರ್ಕ್ ಅಲ್ಲಮ್ಮ, ಫ್ಯಾಕ್ಟರಿ. ಟೇಬಲ್ ಕೆಳಗೆ ನುಗ್ಗಬೇಕು, ಕೇಬಲ್ ಎಳೀಬೇಕು, ಸ್ಕ್ರೂಡ್ರೈವರ್ ಹಿಡೀಬೇಕು. ಹೆಣ್ಮಕ್ಕಳ ಕೈಲಿ ಇದೆಲ್ಲ ಆಗುತ್ತಾ?"

ಇಷ್ಟು ಹೇಳುವಷ್ಟರಲ್ಲಿ ಅವರ ಕುರ್ಚಿ ಕಿರ್ರೆಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿತು. ನಾನು ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದೆ.

"ಒಂದ್ನಿಮಿಷ ಎದ್ದೇಳಿ ಸಾರ್."

ಯಾಕೋ ಏನೋ, ಎದ್ದುಬಿಟ್ಟರು. ಕುರ್ಚಿ ಮಗುಚಿ, ಸ್ಕ್ರೂ ಬಿಗಿ ಮಾಡಿ, ನೆಟ್ಟಗೆ ನಿಲ್ಲಿಸಿದೆ. ಕೂತು ಅಲ್ಲಾಡಿ ನೋಡಿದರು. ಕುರ್ಚಿ ಕಮಕ್ ಕಿಮಕ್ ಅನ್ನಲಿಲ್ಲ.

"ಬೇರೆ ಎಲ್ಲಾದ್ರೂ ಸ್ಕ್ರೂ ಲೂಸ್ ಇದೆಯಾ ಸಾರ್?" ಅಂತ ವಿನಯವಾಗಿಯೇ ಕೇಳಿದೆ.

ಪಕ್ಕದಲ್ಲಿದ್ದ ಎಚ್‌ಆರ್ ಮೇಡಂ ಕೆಮ್ಮು ಬಂದವರಂತೆ ಬಾಯಿಗೆ ಕರ್ಚೀಫ್ ಒತ್ತಿಕೊಂಡು ಹೊರಗೆ ಓಡಿದರು. ಕೆಲಸ ಸಿಕ್ಕಿತು.

ಮದುವೆಯ ಗಾತ್ರ

ಸ್ಕ್ರಿಪ್ಟ್ ಅಂದರೆ ಮಹಾ ವಿದ್ಯೆಯೇನಲ್ಲ. ದಿನಾ ಮಾಡಿದ್ದನ್ನೇ ಮಾಡಬೇಕಾದ ಕೆಲಸವನ್ನು ಒಂದು ಸಲ ಸಾಲಾಗಿ ಬರೆದಿಟ್ಟರೆ, ಆಮೇಲೆ ಕಂಪ್ಯೂಟರೇ ಓದಿಕೊಂಡು ಮಾಡುತ್ತದೆ. ನನ್ನಂಥವರಿಗೆ ಅದೇ ಕತ್ತಿ, ಅದೇ ಗುರಾಣಿ.

ಎಲ್ಲರೂ ಸೇರಿ ಬಳಸುವ ಸರ್ವರಿನ ಡಿಸ್ಕ್ ಪದೇ ಪದೇ ತುಂಬಿ ಹೋಗುತ್ತಿತ್ತು. ಡಿಸೈನ್‌ನವರಿಗೆ ಡ್ರಾಯಿಂಗ್ ಸೇವ್ ಮಾಡಲು ಜಾಗವಿಲ್ಲ. "ಬೇಡದ್ದನ್ನ ತೆಗೀರಪ್ಪ" ಎಂದರೆ ಪ್ರತಿಯೊಬ್ಬರೂ ಪಕ್ಕದವರ ಕಡೆ ಬೊಟ್ಟು ಮಾಡುತ್ತಿದ್ದರು. ಸರಿ, ಒಂದು ಸ್ಕ್ರಿಪ್ಟ್ ಬರೆದೆ. ಬೆಳಿಗ್ಗೆ ಬೆಳಿಗ್ಗೆ ಅದು ಡಿಸ್ಕೆಲ್ಲ ಅಳೆದು, ಅತಿ ಹೆಚ್ಚು ಜಾಗ ತಿಂದವರು ಯಾರು ಅಂತ ಇಡೀ ಆಫೀಸಿಗೆ ಮೇಲ್ ಕಳಿಸಬೇಕು.

ಮೊದಲನೇ ದಿನವೇ ಸಾಹೇಬರ ಹೆಸರು ಬಂತು. ‘ಕ್ವಾಲಿಟಿ ಸುಧಾರಣೆ’ ಅನ್ನುವ ಫೋಲ್ಡರಿನೊಳಗೆ ಅವರ ಮಗಳ ಮದುವೆಯ ವಿಡಿಯೋ. ವರಪೂಜೆಯಿಂದ ಹಿಡಿದು ಬೀಗರೂಟದ ತನಕ ಒಂದೂ ಬಿಟ್ಟಿರಲಿಲ್ಲ.

ನನ್ನನ್ನು ಕರೆಸಿದರು. "ಮೇಲ್‌ನಲ್ಲಿ ನನ್ನ ಹೆಸರು ಯಾಕ್ ಬಂತು?"

"ಸ್ಕ್ರಿಪ್ಟಿಗೆ ದೊಡ್ಡವರು ಚಿಕ್ಕವರು ಗೊತ್ತಾಗಲ್ಲ ಸಾರ್. ಗಾತ್ರ ಮಾತ್ರ ಗೊತ್ತಾಗುತ್ತೆ."

"ಹಂಗಾದ್ರೆ ಆ ಸ್ಕ್ರಿಪ್ಟನ್ನೇ ಡಿಲೀಟ್ ಮಾಡು."

"ಮಾಡ್ಬಹುದು ಸಾರ್. ಆದ್ರೆ ಸ್ಕ್ರಿಪ್ಟು ಇರೋದು ಸಾಸಿವೆಯಷ್ಟು. ಮದುವೆ ಡಿಸ್ಕಿನ ಅರ್ಧ ಇದೆ. ಯಾವುದನ್ನ ತೆಗೆದ್ರೆ ಜಾಗ ಆಗುತ್ತೆ, ನೀವೇ ಹೇಳಿ."

ಅಂದು ಸಂಜೆಯೇ ಮದುವೆ ದಿಬ್ಬಣ ಸಾಹೇಬರ ಮನೆಗೆ ವಾಪಸಾಯಿತು.

ಚಕ್ಕೆ, ಲವಂಗ

ಆಮೇಲಿನ ತಕರಾರು, ನಾನು ಸುಮ್ಮನೆ ಕೂತಿರುತ್ತೇನೆ ಅನ್ನುವುದು. ಹಿಂದೆ ಇಡೀ ಬೆಳಿಗ್ಗೆ ಹಿಡಿಯುತ್ತಿದ್ದ ಪ್ರೊಡಕ್ಷನ್ ರಿಪೋರ್ಟನ್ನು ನನ್ನ ಸ್ಕ್ರಿಪ್ಟು ಕಾಫಿ ಕುಡಿಯುವುದರೊಳಗೆ ಮುಗಿಸುತ್ತಿತ್ತು.

"ಸಂಬಳ ಕೊಡೋದು ಕಾಫಿ ಕುಡಿಯೋಕಲ್ಲ. ಕೆಲಸ ಕಣ್ಣಿಗೆ ಕಾಣ್ಬೇಕು," ಅಂದರು ಸಾಹೇಬರು.

ಕಾಣಬೇಕು ತಾನೆ? ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ದಿನವಿಡೀ ಸರಸರ ಓಡುವ ಹಾಗೆ ಇನ್ನೊಂದು ಸ್ಕ್ರಿಪ್ಟ್ ಬರೆದೆ. ಓಡಿಸಲು ಏನಾದರೂ ಪದ ಬೇಕಲ್ಲ? ಬಾಯಿಗೆ ಬಂದದ್ದು ಅಮ್ಮನ ಬಿಸಿಬೇಳೆಬಾತ್ ಪುಡಿಯ ಸಾಮಾನು. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಸಾಹೇಬರಿಗೆ ಪರಮಾನಂದವಾಯಿತು. ಬಂದ ಅತಿಥಿಗಳನ್ನೆಲ್ಲ ಕರೆತಂದು, "ನೋಡಿ, ಎಲ್ಲಾ ಲೈವ್ ಆಗಿ ನಡೀತಿದೆ," ಅನ್ನತೊಡಗಿದರು.

ಒಂದು ದಿನ ಪುಣೆಯ ಕಂಪನಿಯವರು ಬಂದರು. ಮರಾಠಿಯವರು, ಹಿಂದಿಯವರು, ಎಲ್ಲ ತಲೆಯಾಡಿಸಿದರು. ಹಿಂದೆ ನಿಂತಿದ್ದ ಒಬ್ಬರು ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ. ಆಮೇಲೆ ಗೊತ್ತಾಯಿತು, ಅವರ ಊರು ಧಾರವಾಡ. ನನ್ನ ಕಿವಿಯ ಹತ್ತಿರ ಬಗ್ಗಿ, "ಮೇಡಂ, ಈ ಚಕ್ಕಿ, ಲವಂಗ ಯಾವ ಡಿಪಾರ್ಟ್‌ಮೆಂಟಿಗೆ ಬರ್ತಾವ್ರೀ?" ಅಂದರು.

"ಪ್ರೊಸೆಸ್ಸಿಂಗ್‌ಗೆ ಸಾರ್," ಅಂದೆ. "ಇನ್ನೂ ಹುರೀತಾ ಇದೆ."

ಹಳೇ ಕಾಲದ ಸ್ಕ್ರಿಪ್ಟು

ನನ್ನದೆಲ್ಲ ಹಳೇ ಪದ್ಧತಿ ಅಂತ ಸಾಹೇಬರು ಎಲೆಕ್ಟ್ರಾನಿಕ್ ಸಿಟಿಯಿಂದ ಒಬ್ಬ ಕನ್ಸಲ್ಟೆಂಟನ್ನು ಕರೆಸಿದರು. ಟೈ ಕಟ್ಟಿದ್ದ ಅವರು ನನ್ನ ಸ್ಕ್ರಿಪ್ಟುಗಳನ್ನು ನೋಡಿ, ಮ್ಯೂಸಿಯಮ್ಮಿಗೆ ಬಂದವರ ಹಾಗೆ ಕೈ ಹಿಂದೆ ಕಟ್ಟಿಕೊಂಡರು. ಆವತ್ತು ಮಧ್ಯಾಹ್ನ ಅವರ ಭಾಷಣವೂ ಇತ್ತು, ‘ಫೈಲು ಕಳೆದುಕೊಳ್ಳದಿರುವುದು ಹೇಗೆ’ ಅಂತ. ಅದಕ್ಕೆ ಮಾಡಿದ ಸ್ಲೈಡುಗಳನ್ನು ನಮ್ಮ ಸರ್ವರಿಗೇ ಹಾಕಿದ್ದರು.

ಭಾಷಣಕ್ಕೆ ಮುಂಚೆ, ಹಳೇ ಫೈಲುಗಳನ್ನು ಅಳಿಸುವ ತಮ್ಮದೊಂದು ಸ್ಕ್ರಿಪ್ಟನ್ನು ತೋರಿಸಲು ಕೂತರು. ನಾನು ತಡೆದೆ. "ಸಾರ್, ಅಳಿಸೋ ಮುಂಚೆ ಏನೇನು ಅಳಿಸುತ್ತೆ ಅಂತ ಒಂದ್ಸಲ ಪರದೆ ಮೇಲೆ ತೋರಿಸೋಕೆ ಹೇಳಿ. ಆಮೇಲೆ ಅಳಿಸಿ. ನಾನು ಯಾವಾಗ್ಲೂ ಹಂಗೇ ಮಾಡೋದು."

"ನಮ್ಮ ಕಡೆ ಅಷ್ಟೆಲ್ಲ ಟೈಮ್ ಇರಲ್ಲ ಮೇಡಂ," ಅಂತ ನಕ್ಕು ಎಂಟರ್ ಒತ್ತಿದರು.

ಅವರು ಬರೆದ ಸಾಲಿನಲ್ಲಿ ಎಲ್ಲೋ ಎರಡು ಪದಗಳ ನಡುವೆ ಒಂದು ಸ್ಪೇಸ್ ಜಾಸ್ತಿ ಬಿದ್ದಿತ್ತು. ಸ್ಕ್ರಿಪ್ಟು ಹಳೇ ಫೈಲುಗಳನ್ನು ಮುಟ್ಟಲೇ ಇಲ್ಲ, ಅವರ ಸ್ಲೈಡುಗಳನ್ನು ನುಂಗಿತು. ಸಭೆಯಲ್ಲಿ ಜನ ತುಂಬಿದ್ದರು. ಟೈ ಸಡಿಲವಾಯಿತು. ಮೆಲ್ಲಗೆ ನನ್ನ ಹತ್ತಿರ ಬಂದರು.

"ಮೇಡಂ, ಬ್ಯಾಕಪ್ ಏನಾದ್ರೂ..."

"ಇದೆ ಸಾರ್. ಆದ್ರೆ ವಾಪಸ್ ತರೋ ಸ್ಕ್ರಿಪ್ಟು ತುಂಬಾ ಹಳೇದು. ಪರವಾಗಿಲ್ವಾ?"

ಏಸಿ

ಆ ವರ್ಷದ ಬೇಸಿಗೆ ಕೆಟ್ಟದಾಗಿತ್ತು. ಸಾಹೇಬರ ಕ್ಯಾಬಿನ್ನಿನ ಏಸಿ ಕೆಟ್ಟಿತು. ನಾನು ರಜದಲ್ಲಿದ್ದ ದಿನ ನೋಡಿ, ಸೆಕ್ಯೂರಿಟಿಯವರ ಹತ್ತಿರ ಬಿಟ್ಟುಹೋಗಿದ್ದ ಕೀ ತರಿಸಿಕೊಂಡು, ಸರ್ವರ್ ರೂಮಿನ ಏಸಿಯನ್ನು ಬಿಚ್ಚಿಸಿ ತಮ್ಮ ಕ್ಯಾಬಿನ್ನಿಗೆ ಹಾಕಿಸಿಕೊಂಡರು.

ಸರ್ವರಿಗೆ ಶೆಕೆ ತಡೆಯದು. ಬಿಸಿ ಮಿತಿ ಮೀರಿದರೆ ಸುಟ್ಟುಹೋಗುವ ಮುಂಚೆ ತಾನೇ ಆಫ್ ಆಗಲಿ ಅಂತ ನಾನು ಸ್ಕ್ರಿಪ್ಟ್ ಬರೆದಿದ್ದೆ. ಅದು ನಿಯತ್ತಾಗಿ ಮಧ್ಯಾಹ್ನ ಆಗುತ್ತಲೂ ಸರ್ವರನ್ನು ಮಲಗಿಸಿತು. ಬಿಲ್ ಪ್ರಿಂಟ್ ಆಗಲಿಲ್ಲ. ಗೇಟಿನಲ್ಲಿ ಲಾರಿಗಳು ನಿಂತವು. ಮಾರನೇ ದಿನವೂ ಅದೇ ಕತೆ.

ಸಾಹೇಬರು ಎಲ್ಲರೆದುರೇ ಕೂಗಾಡಿದರು. "ಏನ್ ಮಾಡ್ತೀಯೋ ಗೊತ್ತಿಲ್ಲ, ಸರ್ವರ್ ತಣ್ಣಗಿರ್ಬೇಕು. ಏಸಿ ಮಾತ್ರ ಕೇಳ್ಬೇಡ. ಇನ್ನೊಂದ್ಸಲ ನಿಂತ್ರೆ ನೀನು ಮನೆಗೆ!" ಅಂದವರೇ ಕಾರು ಹತ್ತಿ ಮೀಟಿಂಗಿಗೆ ಹೋದರು.

ಅಳು ಬಂತು. ಅತ್ತರೆ ಸರ್ವರ್ ತಣ್ಣಗಾಗುವುದಿಲ್ಲ. ಡಿಸ್ಪ್ಯಾಚ್ ಸೂಪರ್‌ವೈಸರನ್ನು ಕರೆದೆ. ಗದಗಿನ ಕಡೆಯ ಗಟ್ಟಿ ಆಳು.

"ಅಣ್ಣಾ, ಈ ಸರ್ವರನ್ನ ಸ್ವಲ್ಪ ಎತ್ಬೇಕಿತ್ತು."

"ಎಲ್ಲಿಗ್ರೀ ಅಕ್ಕಾರ?"

"ತಣ್ಣಗಿರೋ ಕಡೆಗೆ."

ಆತನಿಗೆ ತಕ್ಷಣ ಅರ್ಥವಾಯಿತು. ಮೀಸೆಯೊಳಗೆ ನಗುತ್ತ ಹೆಗಲು ಕೊಟ್ಟ. ಸಾಹೇಬರು ವಾಪಸ್ ಬರುವ ಹೊತ್ತಿಗೆ ಸರ್ವರ್ ಅವರ ಮೇಜಿನ ಪಕ್ಕದಲ್ಲೇ, ಅವರದೇ ಏಸಿಯ ಕೆಳಗೆ, ಹಿಟ್ಟಿನ ಗಿರಣಿಯ ಹಾಗೆ ಗುಂಯ್ ಅನ್ನುತ್ತ ಕೂತಿತ್ತು. ಲಾರಿಗಳೆಲ್ಲ ಹೊರಟಿದ್ದವು.

"ಏನಿದು?" ಅಂತ ಅರಚಿದರು. ಸದ್ದಿನಲ್ಲಿ ಅರಚದಿದ್ದರೆ ಕೇಳುವಂತೆಯೂ ಇರಲಿಲ್ಲ.

ನಾನೂ ಅರಚಿದೆ. "ತಣ್ಣಗಿದೆ ಸಾರ್! ಏಸಿ ಕೇಳಿಲ್ಲ!"

ವಾಪಸ್ ಇಡಿಸಿದರೆ ಲಾರಿ ನಿಲ್ಲುತ್ತದೆ, ಏಸಿ ಬಿಟ್ಟುಕೊಟ್ಟರೆ ಮಾನ ಹೋಗುತ್ತದೆ. ಎರಡು ದಿನ ಹಲ್ಲು ಕಚ್ಚಿ ಕೂತರು. ಫೋನ್ ಮಾಡಿದ ಗ್ರಾಹಕರೊಬ್ಬರು, "ಹೆಲಿಕಾಪ್ಟರ್ ಇಳಿದ ಮೇಲೆ ಮಾತಾಡೋಣ ಬಿಡಿ," ಅಂದರಂತೆ. ಕೊನೆಗೆ ಸದ್ದು ತಾಳಲಾರದೆ ಫೈಲುಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಖಾಲಿ ಬಿದ್ದಿದ್ದ ಸರ್ವರ್ ರೂಮಿಗೇ ಗುಳೆ ಹೋಗಲು ನಿರ್ಧರಿಸಿದರು. ಆದರೆ ಆ ಬಾಗಿಲಿಗಿದ್ದ ಒಂದೇ ಕೀ, ಏಸಿ ಹೋದ ಮೇಲೆ ನನ್ನ ಬ್ಯಾಗ್ ಬಿಟ್ಟು ಕದಲಿರಲಿಲ್ಲ. ಕಾರಣ ಕೇಳದೆ ಯಾರನ್ನೂ ಒಳಗೆ ಬಿಡಕೂಡದು ಅಂತ ಆದೇಶ ಹೊರಡಿಸಿದವರೂ ಅವರೇ.

ಬೆಳಿಗ್ಗೆ ನಾನು ಬರುವ ಹೊತ್ತಿಗೆ ಬಾಗಿಲ ಮುಂದೆ ಫೈಲುಗಳ ಸಮೇತ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು.

"ಬಾಗಿಲು ತೆಗಿಯಮ್ಮ."

"ಒಳಗೆ ಏನ್ ಕೆಲಸ ಸಾರ್?"

ಸಾಹೇಬರು ಕಾರಿಡಾರಿನ ಆ ಕಡೆ ಈ ಕಡೆ ನೋಡಿದರು. ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ದನಿ ತಗ್ಗಿಸಿ ಹೇಳಿದರು:

"ಈ ರೂಮಿಗೆ ಏಸಿ ವಾಪಸ್ ಹಾಕಿಸ್ಬೇಕಲ್ಲ, ಅಳತೆ ತಗೋಬೇಕಿತ್ತು."